ಫೋಟೋಕ್ಕೆ ನಿಂತ ಹುಡುಗಿಗೆ ಎಷ್ಟು ಕೊಟ್ರಿ?

ಮದುವೆ ಮನೆಯಲ್ಲಿ ಊಟಕ್ಕೆ ಕೂತಾಗ ಪಕ್ಕದ ಎಲೆಯವರು ಹೋಳಿಗೆ ಮೇಲೆ ತುಪ್ಪ ಹಾಕಿಸಿಕೊಳ್ಳುತ್ತಾ ಕೇಳುವ ಪ್ರಶ್ನೆ ಇದು. ವಿಜಯಪುರದಲ್ಲಿ ನನ್ನದೊಂದು ಸಣ್ಣ ಸ್ಟುಡಿಯೋ ಇದೆ. ಮದುವೆ, ಕುಬಸ, ಜವಳ, ಇವೇ ಹೊಟ್ಟೆಪಾಡು. ಆದರೆ ಜನರ ಕಣ್ಣಿಗೆ ಬೀಳುವುದು ಜೋಳದ ಹೊಲದಲ್ಲಿ ಇಳಕಲ್ ಸೀರೆ ಉಟ್ಟು ನಿಂತ ಹುಡುಗಿಯ ಫೋಟೋ. "ಆಕಿಗೆ ಎಷ್ಟು ಕೊಟ್ರಿ? ಇಲ್ಲಾ, ಆಕೀನ ನಿಮಗ ಕೊಟ್ಲೋ?"

ಯಾರೂ ಯಾರಿಗೂ ಕೊಟ್ಟಿಲ್ಲ. ಅರ್ಧ ದಿನ ಅವಳದು, ಅರ್ಧ ದಿನ ನನ್ನದು. ಸೀರೆ ಅವಳ ಅವ್ವನದು, ಕ್ಯಾಮೆರಾ ನನ್ನದು, ಪೆಟ್ರೋಲು ಅರ್ಧರ್ಧ. ತಿದ್ದಿ ಕೊಟ್ಟ ಇಪ್ಪತ್ತು ಫೋಟೋ ಇಬ್ಬರದೂ. ನಮ್ಮ ಲೈನಿನಲ್ಲಿ ಇದಕ್ಕೆ ಕೊಲ್ಯಾಬ್ ಅಂತಾರೆ. ಸೀರೆ ಅಂಗಡಿಯವರ ಜಾಹೀರಾತಾದರೆ ಲೆಕ್ಕ ಬೇರೆ. ಅಲ್ಲಿ ಅಂಗಡಿಯವರು ಇಬ್ಬರಿಗೂ ದುಡ್ಡು ಕೊಡಬೇಕು, ಕೊಡದಿದ್ದರೆ ನಾನು ಹೋಗುವುದಿಲ್ಲ.

ಆದರೆ ದುಡ್ಡಿಲ್ಲದ ಕಡೆ ತಕರಾರು ಜಾಸ್ತಿ. ಫೋಟೋ ಯಾರದು ಅನ್ನುವುದೇ ಮೊದಲ ತಕರಾರು. 1957ರ ಹಕ್ಕುಸ್ವಾಮ್ಯ ಕಾಯ್ದೆ ಪ್ರಕಾರ, ದುಡ್ಡು ಕೊಟ್ಟು ಹೇಳಿ ತೆಗೆಸಿದ ಫೋಟೋ, ಬೇರೆ ಕರಾರು ಇಲ್ಲದಿದ್ದರೆ, ತೆಗೆಸಿದವರದು. ಕೊಲ್ಯಾಬ್‌ನಲ್ಲಿ ಯಾರೂ ಹಾಗೆ ತೆಗೆಸಿರುವುದಿಲ್ಲ, ಹಾಗಾಗಿ ಅದು ಕ್ಯಾಮೆರಾ ಹಿಡಿದವನದು. ನಾನೂ ಇದನ್ನೇ ಎದೆ ಉಬ್ಬಿಸಿ ಹೇಳುತ್ತಿದ್ದೆ. ಒಮ್ಮೆ ಒಬ್ಬಳ ಫೋಟೋವನ್ನು ಕೇಳದೆ ಹಾಕಿಬಿಟ್ಟೆ. ತಪ್ಪೇನೂ ಇರಲಿಲ್ಲ ಅದರಲ್ಲಿ, ಸುಮ್ನೆ ಕಿಟಕಿ ಪಕ್ಕ ಕೂದಲು ಬಿಟ್ಟುಕೊಂಡು ಕೂತಿದ್ದಳು. ಅವಳ ಸೋದರಮಾವ ನೋಡಿದರು. ಆಮೇಲೆ ಆ ಹುಡುಗಿ ನನ್ನ ಫೋನೂ ಎತ್ತಲಿಲ್ಲ, ಸ್ಟುಡಿಯೋ ಕಡೆ ಹಾಯಲೂ ಇಲ್ಲ. ಅವತ್ತಿನಿಂದ ಒಂದು ಹಾಳೆ ಮಾಡಿಟ್ಟಿದ್ದೇನೆ. ಯಾವ ಫೋಟೋ ಎಲ್ಲಿ ಹೋಗಬೇಕು ಅಂತ ಇಬ್ಬರೂ ಕೂತು ಬರೆದು ಸಹಿ ಹಾಕುತ್ತೇವೆ. ಅವರು ಬೇಡ ಅಂದದ್ದು ಬೇಡ.

ಜೋಳದ ಹೊಲದ ಫೋಟೋ ನನ್ನ ಐಡಿಯಾ ಅಂತ ಎಲ್ಲರೂ ತಿಳಿದುಕೊಂಡಿದ್ದಾರೆ. ನಾನು ಹೇಳಿದ್ದು ನಮ್ಮೂರಿನ ಬಾರಾ ಕಮಾನ್, ಕಟ್ಟಿ ಮುಗಿಯದ ಹಳೇ ಗೋರಿ. ಅರ್ಧಕ್ಕೇ ನಿಂತ ಕಮಾನುಗಳು, ಮೇಲೆ ಚಾವಣಿಯಿಲ್ಲ, ಬೆಳಕು ಪಟ್ಟಿ ಪಟ್ಟಿಯಾಗಿ ಬೀಳುತ್ತದೆ. ಆದರೆ ಆ ಕರಿಕಲ್ಲು ಕ್ಯಾಮೆರಾಕ್ಕೆ ಮೋಸ ಮಾಡುತ್ತದೆ. ಕಪ್ಪು ಜಾಸ್ತಿ ಕಂಡರೆ ಒಳಗಿನ ಬೆಳಕು ಅಳೆಯುವ ಮೀಟರು ಬೆಳಕು ಸಾಲದು ಅಂದುಕೊಂಡು ಏರಿಸುತ್ತದೆ, ಮುಖ ಸುಣ್ಣ ಬಳಿದಂತಾಗುತ್ತದೆ. ಕೈಯಾರೆ ಒಂದು ಸ್ಟಾಪ್, ಅಂದರೆ ಬೆಳಕನ್ನು ಅರ್ಧಕ್ಕೆ, ಇಳಿಸಬೇಕು. ಸ್ಟ್ಯಾಂಡು, ಲೈಟು ಇಟ್ಟು ತೆಗೆಯಲು ಪುರಾತತ್ವ ಇಲಾಖೆಯ ಅನುಮತಿಯೂ ಬೇಕು. ಇದನ್ನೆಲ್ಲಾ ನಾನು ಹೇಳುತ್ತಿದ್ದರೆ ಆ ಇಳಕಲ್ ಸೀರೆಯ ಹುಡುಗಿ ಸೆರಗು ಬಿಡಿಸಿ ಅದರ ಬಿಳಿ ಚಿತ್ತಾರ ನನ್ನ ಮುಂದೆ ಹಿಡಿದಳು.

"ಅಣ್ಣಾರ, ಇದು ಏನು ಹೇಳ್ರಿ?"

"ತೋಪು ತೆನಿ."

"ತೆನಿ ಅಂದ್ರ ಏನ್ರಿ? ಜೋಳದ ತೆನಿ ಹೌದಲ್ಲೋ? ಮತ್ತ ಕಲ್ಲಿನ ಮುಂದ ಯಾಕ ನಿಲ್ಲಸ್ತೀರಿ?"

ಇಳಕಲ್ ಸೀರೆಯ ಮೈ ಹತ್ತಿ, ಸೆರಗು ಕೆಂಪು ರೇಷ್ಮೆ. ಎರಡರ ಹಾಸು ಎಳೆಗಳನ್ನು ಕೊಂಡಿ ಹಾಕಿ ಸೇರಿಸುತ್ತಾರೆ. ಅದನ್ನೆಲ್ಲ ಓದಿಕೊಂಡಿದ್ದೆ ನಾನು. ಆದರೆ ಹೊಲ ಹೊಳೆದಿರಲಿಲ್ಲ.

ಜನವರಿ. ಡೋಣಿ ನದಿ ಸಾಲಿನ ಕರಿ ಎರೆ ಹೊಲ, ಆಳೆತ್ತರದ ಬಿಳಿಜೋಳ. ಸೂರ್ಯ ಹುಟ್ಟಿ ಅರ್ಧ ತಾಸಿನ ಬೆಳಕು. ಬಾದಾಮಿಯಲ್ಲಾದರೆ ಕೆಂಪು ಬಂಡೆಯೇ ಮುಖಕ್ಕೆ ಬೆಳಕು ತಿರುಗಿಸಿ ಕೊಡುತ್ತದೆ, ಚರ್ಮಕ್ಕೆ ಬಿಸಿಲು ಕುಡಿದ ಬಣ್ಣ ಬರುತ್ತದೆ. ಎರೆ ಮಣ್ಣು ಹಾಗಲ್ಲ, ಬಿದ್ದ ಬೆಳಕನ್ನೆಲ್ಲಾ ನುಂಗಿಬಿಡುತ್ತದೆ. ಗದ್ದದ ಕೆಳಗೆ, ಕಣ್ಣಿನ ಗುಳಿಯಲ್ಲಿ ಕತ್ತಲೆ. ಮುಖಕ್ಕೆ ಬೆಳಕು ತಿರುಗಿಸುವ ರಿಫ್ಲೆಕ್ಟರ್ ಸ್ಟುಡಿಯೋದಲ್ಲೇ ಮರೆತು ಬಂದಿದ್ದೆ. ಹೊಲದ ಅಜ್ಜ ಜಾಲಿ ಬೇಲಿ ಮೇಲೆ ಬಿಳಿ ಧೋತರ ಒಣಹಾಕಿದ್ದ. ಅವಳೇ ಕೇಳಿ ಇಸಕೊಂಡಳು. ಒಂದು ತುದಿ ಅಜ್ಜನ ಕೈಯಲ್ಲಿ, ಇನ್ನೊಂದು ಅವಳ ತಮ್ಮನ ಕೈಯಲ್ಲಿ. ಮುಖ ಬೆಳಗಿತು. ಅಜ್ಜ ಮಾತ್ರ ಧೋತರ ಅತ್ತಿತ್ತ ಅಲ್ಲಾಡಿಸದೆ, ಗಲ್ಲದೊಳಗೆ ಎಲೆಅಡಿಕೆ ಒತ್ತಿಕೊಂಡು, ಕ್ಯಾಮೆರಾ ನೋಡುತ್ತಾ ಗಂಭೀರವಾಗಿ ನಿಂತಿದ್ದ, ತನ್ನ ಫೋಟೋನೇ ತೆಗೆಯುತ್ತಿದ್ದಾರೆ ಅನ್ನುವ ಹಾಗೆ. ಅವನದೂ ಎರಡು ತೆಗೆದೆ. ಆಮೇಲೆ ಅವನೇ ತೆನೆ ಸುಟ್ಟು ಸೀತನಿ ಉಜ್ಜಿ ಕೊಟ್ಟ.

ಸ್ಟುಡಿಯೋದ ಕಥೆ ಬೇರೆ. ನನ್ನ ಕೋಣೆ ಉದ್ದಕ್ಕೆ 18 ಅಡಿ. 85 ಎಂಎಂ ಲೆನ್ಸಿನಲ್ಲಿ ತಲೆಯಿಂದ ಕಾಲಿನ ತನಕ ಹಿಡಿಯಲು 15 ಅಡಿಯಾದರೂ ದೂರ ಬೇಕು, ಹಿಂದಿನ ಪರದೆಗೆ ಬಿಡುವ ಜಾಗ ಬೇರೆ. ಗೋಡೆಗೆ ಬೆನ್ನು ಹಚ್ಚಿದರೂ ಆಗುವುದಿಲ್ಲ. ಅದಕ್ಕೇ ನಿಂತ ಫೋಟೋಗಳಿಗೆಲ್ಲ 50 ಎಂಎಂ, ಅದು ಹತ್ತಿರದಿಂದಲೂ ಪೂರ್ತಿ ಆಳನ್ನು ಹಿಡಿಯುತ್ತದೆ. ಇಲ್ಲಿ ಬೆಳಕು ಪೂರ್ತಿ ನನ್ನ ಕೈಯಲ್ಲಿರುತ್ತದೆ, ನಿಂತವರಿಗೆ ತಾವು ಹೇಗೆ ಕಾಣುತ್ತೇವೆ ಅಂತಲೇ ತಿಳಿಯುವುದಿಲ್ಲ. ನನಗೆ ಹುಕುಂ ಮಾಡುವ ಚಟ ಹತ್ತುವುದೂ ಇಲ್ಲೇ. "ಕತ್ತು ಎಡಕ್ಕ, ಭುಜ ಇಳಸ್ರಿ, ಉಸರ ಬಿಡಬ್ಯಾಡ್ರಿ." ಹೀಗೆ ತೆಗೆದ ಫೋಟೋದಲ್ಲಿ ಎಲ್ಲಾ ಸರಿ ಇರುತ್ತದೆ, ಆಳು ಮಾತ್ರ ಕಲ್ಲಿನ ಗೊಂಬೆ. ಈಗ ಕ್ಯಾಮೆರಾಕ್ಕೆ ವೈರು ಹಾಕಿ ಟಿವಿಗೆ ಜೋಡಿಸಿದ್ದೇನೆ. ತೆಗೆದದ್ದು ತಕ್ಷಣ ಅವರಿಗೂ ಕಾಣುತ್ತದೆ. ಐದಾರು ಫೋಟೋ ಆಗುವಷ್ಟರಲ್ಲಿ ಅವರೇ "ಆ ಲೈಟು ಸ್ವಲ್ಪ ಮ್ಯಾಲ ಮಾಡ್ರಿ" ಅನ್ನುತ್ತಾರೆ. ಅಲ್ಲಿಂದ ಕೆಲಸ ಶುರು.

ಇನ್ನೊಂದು ಮಾತು, ಹುಡುಗಿಯರ ಮನೆಯವರು ಕೇಳಲು ಮುಜುಗರಪಡುವುದು. ಸ್ಟುಡಿಯೋ ಬಾಗಿಲು ತೆರೆದೇ ಇರುತ್ತದೆ. ಜೊತೆಗೆ ಅವ್ವನೋ, ಗೆಳತಿಯೋ ಬರಬಹುದು. ಬಟ್ಟೆ ಬದಲಿಸುವ ಕೋಣೆಗೆ ಒಳಗಿನ ಚಿಲಕವಿದೆ. ಸೆರಗು ಜಾರಿದರೆ ನಾನು ಬಾಯಲ್ಲಿ ಹೇಳುತ್ತೇನೆ, ಸರಿ ಮಾಡಿಕೊಳ್ಳುವುದು ಅವರೇ.

ಇಷ್ಟೆಲ್ಲಾ ಹೇಳುವಷ್ಟರಲ್ಲಿ ಪಕ್ಕದ ಎಲೆಯಲ್ಲಿ ಅನ್ನ, ಸಾರು ಬಂದಿರುತ್ತದೆ. "ಅವತ್ತ ಹೊಲದಾಗ ತಗದ ಎಲ್ಲಾದ್ರಾಗೂ ಛಲೋದು ಯಾವ್ದ್ರಿ?" ಅಂತ ಒಬ್ಬರು ಕೇಳಿದರು. ಅವಳು ಧೋತರದ ಹಿಂದೆ ಅಜ್ಜನಿಗೆ ಏನೋ ಹೇಳಿ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕದ್ದೊಂದಿದೆ. ಕೆಂಪು ಸೆರಗು, ಬಿಳಿ ತೆನಿ, ಹಿಂದೆ ನಿಜವಾದ ತೆನೆ. ಅದನ್ನು ಹಾಕಬೇಡಿ ಅಂದಳು. ಯಾಕೆ ಅಂತ ನಾನು ಕೇಳಲಿಲ್ಲ.

"ತೋರಸ್ರಿ ಮತ್ತ, ಮೊಬೈಲ್‌ನ್ಯಾಗ ಇರಬೇಕಲ್ಲಾ?"

"ಐತ್ರಿ," ಅಂದೆ. "ತೋರಸೂದಿಲ್ಲ. ಮಜ್ಜಿಗಿ ಹಾಕಿಸ್ಕೋರಿ."