ಜಾಡಿ ಲ್ಯಾಂಪ್: ಅಂತೂ ಉಪ್ಪು ಬಿಡೋದು ನಿಂತಿತು

ಹಳೇ ಉಪ್ಪಿನಕಾಯಿ ಜಾಡಿಯೊಂದನ್ನು ಲ್ಯಾಂಪ್ ಮಾಡಿದ್ದೆ, ಅದು ಮೈತುಂಬ ಉಪ್ಪು ಬಿಡುತ್ತಿತ್ತು. ಅಂತೂ ಈಗ ದಾರಿಗೆ ಬಂದಿದೆ. ಬುಡದಲ್ಲಿ ಬಿಳಿ ಪುಡಿ ಇಲ್ಲ, ಮೈಮೇಲೆ ಪಸೆ ಇಲ್ಲ. ತೂತು ಕೊರೆಯೋದು, ವೈರ್ ಎಳೆಯೋದು ನಿಮಗೆಲ್ಲ ಗೊತ್ತಿರೋದೇ. ಡ್ರಿಲ್‌ಗೆ ಡೈಮಂಡ್ ಬಿಟ್, ಮೇಲಿಂದ ನೀರು, ಕಡಿಮೆ ಸ್ಪೀಡ್, ಹ್ಯಾಮರ್ ಮೋಡ್ ಬೇಡವೇ ಬೇಡ. ಅದು ಬಿಡಿ, ನನ್ನನ್ನು ಗೋಳು ಹೊಯ್ದುಕೊಂಡದ್ದು ಉಪ್ಪು.

ಜಾಡಿ ಅತ್ತೆಯವರದು. ಮೇಲೆ ಕಂದು, ಕೆಳಗೆ ಬಿಳಿ. ಬಾಯಿ ಒಂದು ಕಡೆ ಚಕ್ಕೆ ಎದ್ದಿದ್ದಕ್ಕೆ ನನ್ನ ಪಾಲಿಗೆ ಬಂತು. ವರ್ಷಗಟ್ಟಲೆ ಮಾವಿನ ಮಿಡಿ ಕಲ್ಲುಪ್ಪಿನಲ್ಲಿ ನೆನೆದದ್ದು ಇದರಲ್ಲೇ. ಹೊಟ್ಟೆಯ ಸುತ್ತ, ಮಲೆನಾಡಿನ ಮನೆಗೋಡೆಗಳ ಮೇಲೆ ಬರೆಯೋ ಹಸೆ ಚಿತ್ತಾರದ ಪಟ್ಟಿ ಬರೆದಿದ್ದೆ. ಕೆಮ್ಮಣ್ಣಿನ ಬಣ್ಣದ ಅಕ್ರಿಲಿಕ್, ಅದರ ಮೇಲೆ ಬಿಳಿ ಗೆರೆ. ಮಳೆ ಬಿಟ್ಟು ನಾಲ್ಕು ಬಿಸಿಲು ಬಿದ್ದದ್ದೇ ತಡ, ಬಣ್ಣ ಎಣ್ಣೆಗೆ ಬಿಟ್ಟ ಹಪ್ಪಳದ ಹಾಗೆ ಉಬ್ಬಿತು. ಒಂದು ಚಕ್ಕೆ ಎಬ್ಬಿಸಿ ಭೂತಗನ್ನಡಿ ಹಿಡಿದೆ. ಗ್ಲೇಜ್‌ನಲ್ಲಿದ್ದ (ಜಾಡಿಯ ಗಾಜಿನಂಥ ಹೊಳಪು ಲೇಪ) ಕೂದಲೆಳೆ ಬಿರುಕುಗಳ ಉದ್ದಕ್ಕೂ ಬಿಳಿ ನವಿರು ಸಾಲಾಗಿ ಎದ್ದು ನಿಂತಿತ್ತು. ನಾಲಿಗೆ ತುದಿಗೆ ಇಟ್ಟರೆ ಅಪ್ಪಟ ಉಪ್ಪು.

ನಾಲಿಗೆಗೆ ಇಡೋಕೆ ಮನಸ್ಸಿಲ್ಲದವರು ಒಂದು ಹನಿ ನೀರು ಹಾಕಿ ನೋಡಿ. ಕರಗಿದರೆ ಉಪ್ಪು. ಕರಗದೆ ನಿಂಬೆರಸಕ್ಕೆ ನೊರೆ ಬಂದರೆ ಬೋರ್ ನೀರಿನ ಸುಣ್ಣ.

ಒಳಗಿನ ಗ್ಲೇಜ್ ಬಿರುಕು ಬಿಟ್ಟಲ್ಲೆಲ್ಲ ಉಪ್ಪುನೀರು ಮಣ್ಣಿನೊಳಗೆ ಇಳಿದಿದೆ. ಈಗ ಕೊರೆದ ತೂತಿನ ಸುತ್ತ ಗ್ಲೇಜ್ ಇಲ್ಲದ ಮಣ್ಣು ಬಯಲಾಗಿದೆ, ಉಪ್ಪಿಗೆ ಅಲ್ಲೂ ದಾರಿ ಸಿಕ್ಕಿತು. ಗಾಳಿಯ ತೇವ ಸುಮಾರು 75 ಪರ್ಸೆಂಟ್ ದಾಟಿದರೆ ಉಪ್ಪು ತಾನಾಗಿಯೇ ನೀರಾಗುತ್ತದೆ. ಮಲೆನಾಡಿನ ಸಾಗರ ಪೇಟೆಯ ಮಳೆಗಾಲದಲ್ಲಿ ತೇವಕ್ಕೇನು ಬರ! ಆಗ ಜಾಡಿ ಬೆವರುತ್ತದೆ. ಬಿಸಿಲು ಬಂದರೆ ಅದೇ ನೀರು ಹೊರಮೈಗೆ ಬಂದು ಹರಳು ಕಟ್ಟುತ್ತದೆ. ಹರಳು ಬೆಳೆಯೋಕೆ ಜಾಗ ಬೇಕಲ್ವಾ, ಬಣ್ಣವನ್ನೇ ಎತ್ತಿ ಬಿಸಾಕುತ್ತದೆ. ಮೇಲೆ ವಾರ್ನಿಷ್ ಬಳಿದರೆ ಸಾಕು ಅನ್ನುವವರಿದ್ದಾರೆ. ಸಾಕಾಗಲ್ಲ, ವಾರ್ನಿಷ್ ಸಮೇತ ಏಳುತ್ತದೆ.

ಈ ಗಲಾಟೆಯಲ್ಲಿ ಬಲ್ಬ್ ಹೋಲ್ಡರ್ ಕಥೆಯೂ ಬಯಲಾಯಿತು. ಅಂಗಡಿಯವರು 'ಪ್ಯೂರ್ ಹಿತ್ತಾಳೆ ಮೇಡಂ' ಅಂತ ಆಣೆ ಮಾಡದ್ದೊಂದೇ ಬಾಕಿ. ಉಪ್ಪು ತಾಗಿದ್ದೇ ತಡ, ಕಂದು ತುಕ್ಕು. ಅಯಸ್ಕಾಂತ ಹಿಡಿದರೆ ಟಪ್ ಅಂತ ಅಂಟಿತು. ಕಬ್ಬಿಣಕ್ಕೆ ಹಳದಿ ಲೇಪ, ಬಿಲ್ ಮಾತ್ರ ಹಿತ್ತಾಳೆಯದು. ಈಗ ಅಯಸ್ಕಾಂತ ಪರ್ಸ್‌ನಲ್ಲೇ ಇರುತ್ತದೆ.

ಅಂದ ಹಾಗೆ, ಅಟ್ಟದಿಂದ ಒಂದು ಹಳೇ ಕಡೆಗೋಲು ಇಳಿಸಿಟ್ಟಿದ್ದೇನೆ. ಅಡ್ಡಲಾಗಿ ಗೋಡೆಗೆ ಕೂರಿಸಿ ಗೂಟ ಹೊಡೆದರೆ ಕೀಗೊಂಚಲು, ಛತ್ರಿ ನೇತುಹಾಕಬಹುದು. ಆದರೆ ಅದು ಕುಡಿದಿರೋ ಬೆಣ್ಣೆಗೆ ಅಂಟೂ ಹಿಡಿಯೋ ಹಾಗಿಲ್ಲ, ಪಾಲಿಶೂ ಹಿಡಿಯೋ ಹಾಗಿಲ್ಲ. ಜಿಡ್ಡು ಬಿಡಿಸಿದ ಅನುಭವ ಇದ್ದವರು ಹೇಳಿ. ಇರಲಿ, ಜಾಡಿಗೆ ಬರೋಣ.

ಮದ್ದು ಸರಳ, ತಾಳ್ಮೆ ಮಾತ್ರ ಜಾಸ್ತಿ ಬೇಕು. ಬಣ್ಣ ಪೂರ್ತಿ ಕೆರೆದು, ಜಾಡಿಯನ್ನು ದೊಡ್ಡ ಬಕೆಟ್‌ನಲ್ಲಿ ಮುಳುಗಿಸಿಟ್ಟೆ. ಬೋರ್ ನೀರಲ್ಲ, ಮಾಡಿನಿಂದ ಹಿಡಿದ ಮಳೆನೀರು. ಪಕ್ಕದಲ್ಲಿ ಅದೇ ಮಳೆನೀರು ಒಂದು ಸ್ಟೀಲ್ ಪಾತ್ರೆಯಲ್ಲಿ. ಎರಡಕ್ಕೂ ಟಿಡಿಎಸ್ ಮೀಟರ್ (ನೀರಲ್ಲಿ ಕರಗಿದ ಲವಣ ಎಷ್ಟು ಅಂತ ತೋರಿಸೋದು) ಅದ್ದಿ ನೋಡೋದು, ಬಕೆಟ್‌ನ ಅಂಕಿ ಏರೋದು ನಿಂತರೆ ನೀರು ಬದಲಿಸೋದು. ಕುಡಿಯುವ ನೀರಿಗೆ, ಬೇರೆ ಮೂಲ ಇರುವಾಗ, ಈ ಅಂಕಿ 500 ದಾಟಬಾರದು ಅಂತ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಹೇಳುತ್ತದೆ. ನನ್ನ ಮೊದಲ ಬಕೆಟ್ ಸಾವಿರ ದಾಟಿತ್ತು! ಬದಲಿಸಿದ ಹಾಗೆಲ್ಲ ಇಳಿಯುತ್ತಾ ಬಂದು, ಎರಡು ಪಾತ್ರೆಗಳ ಅಂಕಿ ಹೆಚ್ಚುಕಡಿಮೆ ಒಂದೇ ಆದಮೇಲೆ ಜಾಡಿ ಎತ್ತಿದೆ. ಬೇಗ ಆಗಲಿ ಅಂತ ಕುದಿನೀರು ಹಾಕಬೇಡಿ, ಬಿರುಕು ಬಿಡುತ್ತದೆ. ಒಣಗಿಸೋದೂ ನೆರಳಲ್ಲೇ.

ಉಪ್ಪು ಹೋಯಿತು, ಸಾಸಿವೆ ಇಂಗಿನ ವಾಸನೆ ಹೋಗಿಲ್ಲ. ಬಿಸಿಲು ತಾಗಿದರೆ ಜಗುಲಿಯೆಲ್ಲ ಘಮ್ ಅನ್ನುತ್ತದೆ. ಮಾವನವರಿಗೆ ಹೊತ್ತಲ್ಲದ ಹೊತ್ತಲ್ಲಿ ಮೊಸರನ್ನ ನೆನಪಾಗುತ್ತದಂತೆ.

ಇನ್ನು ಚಿತ್ತಾರ ಮತ್ತೆ ಬರೆಯಬೇಕು. ಈ ಸಲ ಪುಂಡಿ ನಾರಿನ ಕುಂಚದಲ್ಲೇ. ನೈಲಾನ್ ಬ್ರಷ್‌ನಲ್ಲಿ ಗೆರೆ ಒಂದೇ ಸಮ ಬರಲ್ಲ. ಜೋಡಿಗೆ ಇನ್ನೊಂದು ಜಾಡಿ ಕೇಳಿದ್ದಕ್ಕೆ ಅತ್ತೆಯವರು, "ಅದ್ರಲ್ಲಿ ಮಿಡಿ ಇದೆ, ಕೈ ಹಾಕ್ಬೇಡ" ಅಂದರು.