ಆರು ಗಂಟೆಯ ಟಿಕ್ ಗುರುತು

"ಒಂಬತ್ತನೇ ಬೆಡ್ ತಾತ, ಸ್ಟ್ರೋಕ್. ಬಲಗಡೆ ಸ್ವಾಧೀನ ಇಲ್ಲ, ಮಾತಿಲ್ಲ. ಫೀಡ್ ಕೊಟ್ಟಿದ್ದೀನಿ, ಆ್ಯಂಟಿಬಯಾಟಿಕ್ ಹೋಗಿದೆ. ಬ್ಯಾಕ್ ಕೇರ್, ಮೌತ್ ಕೇರ್ ಎಲ್ಲ ಆಗಿದೆ." ನೈಟ್ ಡ್ಯೂಟಿಯಲ್ಲಿದ್ದ ನರ್ಸ್ ಮೇಜಿನ ಹತ್ತಿರವೇ ನಿಂತು ಇಷ್ಟು ಹೇಳಿ, ಚಾರ್ಟ್ ನನ್ನ ಕೈಗಿಟ್ಟು ಬಟ್ಟೆ ಬದಲಿಸಲು ಹೋದರು. ಗಂಟೆ ಏಳೂವರೆ. ಚಾರ್ಟಿನಲ್ಲಿ 12, 2, 4, 6 ಗಂಟೆಗಳ ಮುಂದೆ, ಹೊರಳಿಸಿ ಶುಚಿ ಮಾಡಿದ್ದಕ್ಕೆ, ನಾಲ್ಕು ಟಿಕ್ ಗುರುತು, ನಾಲ್ಕೂ ಒಂದೇ ಓರೆಯಲ್ಲಿ.

ಟ್ರೈನಿ ಹುಡುಗಿಯನ್ನು ಜೊತೆಗೆ ಕರೆದುಕೊಂಡು ತಾತನ ಬಳಿ ಹೋದೆ. ಹೊದಿಕೆ ಸರಿಸುವ ಮೊದಲೇ ವಾಸನೆ ಬಡಿಯಿತು. ಇಬ್ಬರೂ ಮೈ ಕೆಳಗೆ ಅಡ್ಡ ಹಾಸಿದ ಡ್ರಾ ಶೀಟ್ ಹಿಡಿದು ಮೆಲ್ಲಗೆ ಹೊರಳಿಸಿದೆವು. ಡೈಪರ್ ನೆನೆದು ಭಾರವಾಗಿತ್ತು. ತೊಡೆಯ ಸಂದಿಯಲ್ಲಿ ಮಲ ಅಂಚುಗಟ್ಟಿ ಒಣಗಿತ್ತು. ಆರು ಗಂಟೆಗೆ ಒರೆಸಿದ ಮೈಯಲ್ಲಿ ಏಳೂ ನಲವತ್ತಕ್ಕೆ ಮಲ ಹಾಗೆ ಒಣಗಿ ಹಿಡಿದುಕೊಂಡಿರುವುದಿಲ್ಲ.

ಬೆನ್ನಿನ ಕೆಳಗೆ, ಬಾಲದ ಮೂಳೆಯ ಮೇಲೆ, ಅಂಗೈಯಗಲದ ಜಾಗ ಸುತ್ತಲಿನ ಚರ್ಮಕ್ಕಿಂತ ಕಪ್ಪಾಗಿತ್ತು. ಬೆಡ್‌ಸೋರ್, ಅಂದರೆ ಮಲಗಿದಲ್ಲೇ ಮಲಗಿ ಆಗುವ ಹುಣ್ಣು, ಶುರುವಾಗುವಾಗ ಚರ್ಮ ಕೆಂಪಾಗುತ್ತದೆ, ಬೆರಳಿನಿಂದ ಒತ್ತಿದರೂ ಬಿಳಿಚುವುದಿಲ್ಲ ಎಂದು ಪುಸ್ತಕದಲ್ಲಿ ಓದಿದ್ದೇವೆ. ಕಪ್ಪು ಮೈಬಣ್ಣದವರಲ್ಲಿ ಎಷ್ಟೋ ಸಲ ಆ ಕೆಂಪು ಕಾಣುವುದೇ ಇಲ್ಲ. ಕಣ್ಣಿಗಿಂತ ಕೈಯನ್ನು ನಂಬಬೇಕು. ಗ್ಲೌಸ್ ಹಾಕಿದ್ದರೂ ಕೈಯ ಹಿಂಬದಿ ಇಟ್ಟಾಗ ಬಿಸಿ ತಿಳಿಯಿತು, ಒತ್ತಿದಾಗ ಗಟ್ಟಿ. ಚರ್ಮ ಇನ್ನೂ ಒಡೆದಿರಲಿಲ್ಲ ಅನ್ನುವುದೊಂದೇ ಸಮಾಧಾನ. ಟ್ರೈನಿ ಕ್ರೀಮ್ ಹಚ್ಚಿ ಉಜ್ಜಲು ಹೋದಳು, ತಡೆದೆ. ನಮ್ಮ ಹಿರಿಯರು ಸ್ಪಿರಿಟ್ ಮತ್ತು ಪೌಡರ್ ಹಾಕಿ ಬೆನ್ನು ತಿಕ್ಕುತ್ತಿದ್ದರು. ಆದರೆ ಹೀಗಾದ ಜಾಗವನ್ನು ತಿಕ್ಕಿದರೆ ಒಳಗಿನ ಮಾಂಸಕ್ಕೆ ಇನ್ನಷ್ಟು ಪೆಟ್ಟು. ಒರೆಸಿ, ಒತ್ತಿ ಒಣಗಿಸಿ, ತೇವ ತಡೆಯುವ ಕ್ರೀಮನ್ನು ತೆಳ್ಳಗೆ ಸವರಿ, ಆ ಜಾಗದ ಮೇಲೆ ಭಾರ ಬೀಳದಂತೆ ಬೆನ್ನಿಗೆ ದಿಂಬು ಕೊಟ್ಟು ಓರೆಯಾಗಿ ಮಲಗಿಸಿದೆವು. ಹಿಮ್ಮಡಿಗಳೂ ಹಾಸಿಗೆಗೆ ತಾಗದಂತೆ ಕಾಲಿನ ಕೆಳಗೊಂದು ದಿಂಬು.

ಆಮೇಲೆ ಬಾಯಿ. ಅದನ್ನು ನೆನೆಸಿಕೊಂಡರೆ ಈಗಲೂ ಹೊಟ್ಟೆ ಹಿಂಡುತ್ತದೆ. ಮೂಗಿನ ನಳಿಕೆಯಲ್ಲಿ ಆಹಾರ ಹೋಗುವವರು ಅಗಿಯುವುದಿಲ್ಲ, ಹಾಗಾಗಿ ಎಂಜಲು ಸರಿಯಾಗಿ ಊರುವುದಿಲ್ಲ. ಬಾಯಿ ತೆರೆದು ಉಸಿರಾಡುವುದರಿಂದ ಇದ್ದ ಪಸೆಯೂ ಆರುತ್ತದೆ. ತಾತನ ನಾಲಿಗೆ ಬಿರುಕುಬಿಟ್ಟ ನೆಲದಂತಿತ್ತು. ಅಂಗುಳಿನಲ್ಲಿ ಕಂದು ಬಣ್ಣದ ಹಕ್ಕಳೆ, ಒಂದು ದಿನದ್ದಲ್ಲ. ತಲೆಯ ಕಡೆ ಎತ್ತರಿಸಿ, ಮುಖ ಪಕ್ಕಕ್ಕೆ ತಿರುಗಿಸಿ, ಬಾಯಿಯ ನೀರು ಹೀರುವ ಸಕ್ಷನ್ ಪಕ್ಕದಲ್ಲಿಟ್ಟುಕೊಂಡು ಒದ್ದೆ ಗಾಜ್‌ನಿಂದ ನೆನೆಸಿ ನೆನೆಸಿ ಬಿಡಿಸಿದೆ. ಕಿತ್ತರೆ ರಕ್ತ ಬರುತ್ತದೆ, ಅದು ತಾನಾಗಿ ಸಡಿಲಾಗುವವರೆಗೆ ಕಾಯಬೇಕು. ಮೃದು ಬ್ರಷ್‌ನಿಂದ ಹಲ್ಲು, ಒಸಡು, ನಾಲಿಗೆ. ಪೂರ್ತಿ ಇಪ್ಪತ್ತು ನಿಮಿಷ ಹಿಡಿಯಿತು. ಮುಗಿದ ಮೇಲೆ ತಾತ ನಾಲಿಗೆಯನ್ನು ತುಟಿಯ ಮೇಲೆ ಒಮ್ಮೆ ಆಡಿಸಿದರು. ಎಡಗೈ ನನ್ನ ಮಣಿಕಟ್ಟನ್ನು ಹುಡುಕಿ ಹಿಡಿದುಕೊಂಡಿತು, ಬಿಡಲಿಲ್ಲ.

"ಅಕ್ಕ, ಚಾರ್ಟಲ್ಲಿ ಎಲ್ಲ ಆಗಿದೆ ಅಂತ ಇದೆಯಲ್ಲ?" ಟ್ರೈನಿ ಕೇಳಿದಳು.

ಆ ಪ್ರಶ್ನೆಯಿಂದ ನನಗೆ ನಾಚಿಕೆಯಾಯಿತು. ಯಾಕೆಂದರೆ ಇದು ಮೊದಲ ಸಲವಲ್ಲ. ಮೂರ್ನಾಲ್ಕು ತಿಂಗಳಿಂದ ಅದೇ ಸಹೋದ್ಯೋಗಿಯ ರಾತ್ರಿಗಳ ನಂತರ ನಾನು ತುಟಿಪಿಟಕ್ಕೆನ್ನದೆ ಒರೆಸಿ, ತೊಳೆದು, ಹಾಸಿಗೆ ಬದಲಿಸಿ ನನ್ನ ಪಾಳಿ ಶುರುಮಾಡುತ್ತಿದ್ದೆ. ಒಳಗೊಳಗೆ ಕುದಿಯುತ್ತಿದ್ದೆ, ಮನೆಗೆ ಹೋಗಿ ಹೇಳಿಕೊಂಡು ಅಳುತ್ತಿದ್ದೆ. ಅದನ್ನು ತಾಳ್ಮೆ ಎಂದುಕೊಂಡಿದ್ದೆ. ಆದರೆ ನಾನು ಹೀಗೆ ಒರೆಸಿ ಮುಚ್ಚಿಡುತ್ತಿದ್ದುದರಿಂದಲೇ ಆ ಟಿಕ್ ಗುರುತುಗಳು ನಿಜವಾಗಿ ಉಳಿದಿದ್ದವು. ರೌಂಡ್ಸ್‌ಗೆ ಬರುವ ಡಾಕ್ಟರಿಗೆ ಕಾಣುತ್ತಿದ್ದುದು ಶುಭ್ರವಾದ ರೋಗಿ, ತುಂಬಿದ ಚಾರ್ಟ್.

ಇಂಜೆಕ್ಷನ್ ಅರ್ಧ ಗಂಟೆ ತಡವಾದರೆ ಕೇಳುವವರಿದ್ದಾರೆ. ಬಾಯಿ ತೊಳೆಯದಿದ್ದರೆ ಯಾರೂ ಕೇಳುವುದಿಲ್ಲ. ಇದು ಆಯಾ ಕೆಲಸ, ಓದಿ ಬಂದ ನರ್ಸಿನ ಕೆಲಸವಲ್ಲ ಎಂಬ ಭಾವನೆ ನಮ್ಮೊಳಗೇ ಇದೆ, ಅದನ್ನು ಒಪ್ಪಿಕೊಳ್ಳಬೇಕು. ಬೆಡ್‌ಸೋರ್ ಅಪಾಯ ಅಳೆಯಲು ನಾವು ಬಳಸುವ, 1987ರಲ್ಲಿ ಪ್ರಕಟವಾದ ಬ್ರೇಡನ್ ಸ್ಕೇಲ್‌ನಲ್ಲಿ ಆರು ಅಂಶಗಳಿವೆ. ಅದರಲ್ಲಿ ಒಂದಕ್ಕೆ ತೇವ ಎಂದೇ ಹೆಸರು. ಅಂಕ ಕಡಿಮೆಯಾದಷ್ಟೂ ಅಪಾಯ ಹೆಚ್ಚು. 18 ಅಥವಾ ಅದಕ್ಕಿಂತ ಕಡಿಮೆ ಬಂದರೆ ಎಚ್ಚರ ವಹಿಸುತ್ತೇವೆ, ತಾತನದು 11 ಇತ್ತು. ಹೊರಳಿಸದೆ, ಒರೆಸದೆ ಆ ಅಂಕ ಹಾಕುವುದಾದರೂ ಹೇಗೆ? ಮೈ ಒರೆಸುವ ಹತ್ತು ನಿಮಿಷದಲ್ಲೇ ನಾವು ರೋಗಿಯ ಚರ್ಮ, ಕೀಲು, ಉಸಿರು, ಕಣ್ಣಿನ ಭಾವ ಎಲ್ಲವನ್ನೂ ನೋಡುವುದು. ತೊಳೆಯದ ಬಾಯಿಯ ಸೂಕ್ಷ್ಮಜೀವಿಗಳು ನುಂಗಲಾಗದವರ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಬರಬಹುದು. ತಾತನಿಗೆ ರಾತ್ರಿ ಕೊಟ್ಟ ಆ್ಯಂಟಿಬಯಾಟಿಕ್ ಅದೇ ಕಾಯಿಲೆಗೆ, ತೊಳೆಯದೆ ಬಿಟ್ಟದ್ದು ಅದೇ ಬಾಯಿ!

ಮರುದಿನ ಬೆಳಿಗ್ಗೆ ಬಟ್ಟೆ ಬದಲಿಸುವ ಕೋಣೆಯಲ್ಲಿ ಅವರೊಬ್ಬರೇ ಇದ್ದಾಗ ಹೋದೆ. ನನಗಿಂತ ಎಂಟು ವರ್ಷ ಸೀನಿಯರ್. ಕಾಲು ನಡುಗುತ್ತಿತ್ತು.

"ಸಿಸ್ಟರ್, ಒಂಬತ್ತನೇ ಬೆಡ್ ತಾತನ ಬೆನ್ನು ನಿನ್ನೆ ನೋಡಿದೆ. ಚರ್ಮ ಬಿಸಿಯಾಗಿ ಗಟ್ಟಿಯಾಗಿದೆ. ಡೈಪರ್ ರಾತ್ರಿಯೆಲ್ಲ ಬದಲಿಸಿದ ಹಾಗಿರಲಿಲ್ಲ."

"ನನಗೆ ಕೆಲಸ ಹೇಳಿಕೊಡೋಕೆ ಬಂದ್ಯಾ?"

"ಇಲ್ಲ ಸಿಸ್ಟರ್. ಕಂಡಿದ್ದನ್ನ ಮೊದಲು ನಿಮಗೇ ಹೇಳೋಣ ಅಂತ ಬಂದೆ."

ಅವರು ಬ್ಯಾಗಿನ ಜಿಪ್ ಜೋರಾಗಿ ಎಳೆದರು. ಆಮೇಲೆ ಗೋಡೆಯ ಕಡೆ ನೋಡುತ್ತ, "ಹದಿನೆಂಟು ಪೇಶೆಂಟು, ಇಬ್ಬರು ನರ್ಸು, ಅದರಲ್ಲೊಬ್ಬಳು ಹೊಸಬಳು. ಎರಡು ಗಂಟೆಗೆ ಮೂರನೇ ಬೆಡ್‌ಗೆ ಉಸಿರು ಕಟ್ತು. ಯಾರ ಹಿಂದೆ ಓಡಲಿ ನಾನು?" ಎಂದರು.

ಅದು ಸುಳ್ಳಲ್ಲ. ನಾನೂ ಅಂಥ ರಾತ್ರಿಗಳನ್ನು ಕಳೆದಿದ್ದೇನೆ. ಆದರೆ ಏನೂ ಗಲಾಟೆಯಿಲ್ಲದ ರಾತ್ರಿಗಳ ನಂತರವೂ ಹೀಗೇ ಇರುತ್ತಿತ್ತು, ಅದೂ ಸುಳ್ಳಲ್ಲ. ಎರಡನೆಯದನ್ನು ಆಡಲಿಲ್ಲ. "ಆಗದಿದ್ದರೆ ಆಗಲಿಲ್ಲ ಅಂತ ಬಿಟ್ಟುಬಿಡಿ ಸಿಸ್ಟರ್, ಟಿಕ್ ಹಾಕಬೇಡಿ. ಖಾಲಿ ಇದ್ದರೆ ನಾನು ಬಂದ ಕೂಡಲೇ ಮೊದಲು ಅಲ್ಲಿಗೇ ಹೋಗ್ತೀನಿ. ಟಿಕ್ ಇದ್ದರೆ ಮಧ್ಯಾಹ್ನದವರೆಗೂ ಯಾರೂ ಹೊರಳಿಸಿ ನೋಡಲ್ಲ" ಎಂದೆ. ಅವರು ಉತ್ತರ ಕೊಡದೆ ಹೊರಟುಹೋದರು.

ಅಂದೇ, ಲೋಪ ಕಂಡಾಗ ಬರೆದುಕೊಡುವ ಇನ್ಸಿಡೆಂಟ್ ಫಾರಂ ತುಂಬಿದೆ. ನಿರ್ಲಕ್ಷ್ಯ, ಸೋಮಾರಿತನ ಎಂಬ ಪದಗಳು ಪೆನ್ನಿನ ತುದಿಗೆ ಬಂದಿದ್ದವು, ಬರೆಯಲಿಲ್ಲ. ಎಷ್ಟು ಗಂಟೆಗೆ ಕಂಡೆ, ಎಲ್ಲಿ ಕಂಡೆ, ಎಷ್ಟಗಲ, ಚಾರ್ಟಿನಲ್ಲಿ ಏನಿತ್ತು, ಆ ರಾತ್ರಿ ವಾರ್ಡಿನಲ್ಲಿ ಎಷ್ಟು ಜನ ಡ್ಯೂಟಿಯಲ್ಲಿದ್ದರು. ಅಷ್ಟೇ. ವಾರ್ಡ್ ಇನ್‌ಚಾರ್ಜ್ ಓದಿ, "ಇಷ್ಟು ದಿನ ಯಾಕಮ್ಮ ಸುಮ್ಮನಿದ್ದೆ?" ಎಂದು ಕೇಳಿದರು. ತಾತನ ಒಣಗಿದ ಅಂಗುಳು ಕಣ್ಣ ಮುಂದೆ ಬಂತು. ತಲೆ ತಗ್ಗಿಸಿದೆ.

ಆಮೇಲಿನ ದಿನಗಳು ಕಷ್ಟದವು. ನಾನು ಒಳಗೆ ಬಂದರೆ ಮಾತು ನಿಲ್ಲುತ್ತಿತ್ತು. ಚಾಡಿ ಹೇಳಿದವಳು ಎಂದು ಒಬ್ಬರು ನನಗೆ ಕೇಳಿಸುವಂತೆಯೇ ಹೇಳಿದರು. 1847ರಲ್ಲಿ ವಿಯೆನ್ನಾದ ಆಸ್ಪತ್ರೆಯಲ್ಲಿ ಸೆಮ್ಮೆಲ್‌ವೈಸ್ ಎಂಬ ವೈದ್ಯ ಕ್ಲೋರಿನ್ ದ್ರಾವಣದಲ್ಲಿ ಕೈ ತೊಳೆಸಿದಾಗ ಬಾಣಂತಿಯರ ಸಾವು ಇಳಿಯಿತು, ಆದರೂ ಅನೇಕ ವೈದ್ಯರು ಒಪ್ಪಲಿಲ್ಲ ಎಂದು ಕ್ಲಾಸಿನಲ್ಲಿ ಕೇಳಿದಾಗ ಆಶ್ಚರ್ಯವಾಗಿತ್ತು. ಈಗ ಆಗುವುದಿಲ್ಲ. ಕೊಳೆ ನಿಮ್ಮ ಕೈಯದೇ ಎಂಬ ಮಾತು ಯಾರಿಗಾದರೂ ಎಷ್ಟು ಚುಚ್ಚುತ್ತದೆ ಎಂದು ಹತ್ತಿರದಿಂದ ನೋಡಿದ್ದೇನೆ.

ರಾತ್ರಿಗೆ ಇನ್ನೊಬ್ಬ ನರ್ಸ್ ಬೇಕೆಂದು ಇನ್‌ಚಾರ್ಜ್ ಬರೆದರು, ಇನ್ನೂ ಬಂದಿಲ್ಲ. ಬಂದದ್ದು ಒಂದೇ ಬದಲಾವಣೆ: ತಾವಾಗಿ ಹೊರಳಲಾಗದವರನ್ನು ಮುಂದಿನ ಪಾಳಿಗೆ ಒಪ್ಪಿಸುವ ಹ್ಯಾಂಡೋವರ್ ಮೇಜಿನ ಬಳಿಯಲ್ಲ, ಬೆಡ್ ಪಕ್ಕದಲ್ಲೇ ಆಗಬೇಕು. ಕೊಡುವವರು, ತೆಗೆದುಕೊಳ್ಳುವವರು ಇಬ್ಬರೂ ಸೇರಿ ಹೊರಳಿಸಬೇಕು, ಬೆನ್ನು ಮತ್ತು ಬಾಯಿ ನೋಡಬೇಕು. ಒಬ್ಬ ರೋಗಿಗೆ ಎರಡು ಮೂರು ನಿಮಿಷ ಹಿಡಿಯುತ್ತದೆ.

ತಾತನ ಬೆನ್ನಿನ ಬಿಸಿ ಐದನೆಯ ದಿನಕ್ಕೆ ಇಳಿಯಿತು. ಆ ಸಹೋದ್ಯೋಗಿ ನನ್ನೊಡನೆ ಇವತ್ತಿಗೂ ಬೇಕಾದಷ್ಟೇ ಮಾತಾಡುತ್ತಾರೆ. ಒಂಬತ್ತನೇ ಬೆಡ್‌ನಲ್ಲಿ ಈಗ ಒಬ್ಬ ಅಜ್ಜಿ ಇದ್ದಾರೆ. ಮೊನ್ನೆ ಆ ಸಹೋದ್ಯೋಗಿಯ ನೈಟ್ ಮುಗಿದ ಬೆಳಿಗ್ಗೆ ಚಾರ್ಟಿನಲ್ಲಿ ನಾಲ್ಕು ಗಂಟೆಯ ಜಾಗ ಖಾಲಿ ಬಿಟ್ಟಿದ್ದರು. "ನಾಲ್ಕಕ್ಕೆ ಆಗಲಿಲ್ಲ. ಆರಕ್ಕೆ ಮಾಡಿದ್ದೀನಿ, ನೋಡ್ಕೋ" ಎಂದು ಬಿಗಿದ ಮುಖದಲ್ಲೇ ಹೇಳಿ ಡ್ರಾ ಶೀಟಿನ ಆ ಕಡೆಯ ತುದಿ ಹಿಡಿದರು. ಈ ಕಡೆಯದನ್ನು ನಾನು ಹಿಡಿದೆ.