ಹುಬ್ಬಳ್ಳಿಯಿಂದ ಮ್ಯೂಥಿಲ್‌ಗೆ: ಸ್ಕಾಟ್ಲೆಂಡಿನಲ್ಲಿ ಮನೆತನ ಹುಡುಕಲು ಹೊರಟವರಿಗೆ

ನಮ್ಮ ಮನೆಯವರ ಕಡೆಯವರು ಹುಬ್ಬಳ್ಳಿಯ ಆಂಗ್ಲೋ ಇಂಡಿಯನ್ನರು. ತಲೆಮಾರುಗಟ್ಟಲೆ ರೈಲ್ವೆ ವರ್ಕ್‌ಶಾಪನ್ನೇ ನಂಬಿ ಬದುಕಿದವರು. ಮದುವೆಯಾಗಿ ಆ ಮನೆಗೆ ಹೋದ ದಿನದಿಂದ ನಾನು ಕೇಳಿದ್ದು ಒಂದೇ ಕಥೆ. ಇವರ ಮುತ್ತಜ್ಜನ ಅಪ್ಪ ಸ್ಕಾಟ್ಲೆಂಡಿನಿಂದ ಬಂದ ದೊಡ್ಡ ಎಂಜಿನಿಯರಂತೆ, ಯಾವುದೋ ಲಾರ್ಡ್ ಮನೆತನದ ಸಂಬಂಧಿಯಂತೆ. ಕಳೆದ ಜೂನ್‌ನಲ್ಲಿ ಒಂಬತ್ತು ದಿನ ಅಲ್ಲಿ ಸುತ್ತಾಡಿ ಬಂದೆವು. ಲಾರ್ಡ್ ಸಿಗಲಿಲ್ಲ. ಸಿಕ್ಕಿದ್ದು ಬೇರೆಯೇ. ಇದೇ ಕೆಲಸಕ್ಕೆ ಹೋಗುವ ಆಸೆ ಇರುವವರು ನಮ್ಮಲ್ಲೂ ಕೆಲವರಿದ್ದಾರೆ ಅಂತ ಗೊತ್ತು, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲ ಮಾತು. ವಿಮಾನದ ಟಿಕೆಟ್ ತೆಗೆಯುವ ಮುಂಚೆ ಅರ್ಧ ಕೆಲಸ ಮನೆಯಲ್ಲೇ ಮುಗಿಸಿ. ಹುಬ್ಬಳ್ಳಿ, ಧಾರವಾಡ ಆಗ ಮುಂಬೈ ಪ್ರಾಂತ್ಯದಲ್ಲಿದ್ದವು. ಅಲ್ಲಿನ ಚರ್ಚುಗಳಲ್ಲಿ ನಡೆದ ನಾಮಕರಣ, ಮದುವೆ, ಮಣ್ಣು ಎಲ್ಲದರ ನಕಲು ಪ್ರತಿ ಲಂಡನ್ನಿಗೆ ಹೋಗುತ್ತಿತ್ತು. ಈಗ ಅವು ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿವೆ. ಫೈಂಡ್‌ಮೈಪಾಸ್ಟ್ ಎಂಬ ವೆಬ್‌ಸೈಟಿನಲ್ಲಿ ದುಡ್ಡು ಕೊಟ್ಟರೆ ಪುಟದ ಚಿತ್ರವೇ ಸಿಗುತ್ತದೆ. ನಿಮ್ಮವರು ಬೆಂಗಳೂರು ದಂಡಿನವರಾಗಿದ್ದರೆ ಮುಂಬೈ ಬಿಟ್ಟು ಮದ್ರಾಸಿನ ಸಾಲಿನಲ್ಲಿ ನೋಡಿ. ಬ್ರಿಟಿಷರ ಕಾಲದ ಇಂಡಿಯಾದಲ್ಲಿದ್ದ ಕುಟುಂಬಗಳ ಚರಿತ್ರೆ ಹುಡುಕುವವರ ಫಿಬಿಸ್ ಎಂಬ ಸಂಘದ ಪಟ್ಟಿಗಳನ್ನು ಪುಕ್ಕಟೆ ಹುಡುಕಬಹುದು.

ನಮಗೆ ಸಿಕ್ಕಿದ್ದು 1888ರ ಒಂದು ಮದುವೆ. ವಯಸ್ಸು 26, ಕೆಲಸ ಫಿಟ್ಟರ್, ಪಕ್ಕದಲ್ಲಿ ಅಪ್ಪನ ಹೆಸರು. ಎಂಜಿನಿಯರ್ ಅಲ್ಲ, ಫಿಟ್ಟರ್! ನಮ್ಮ ಮನೆಯವರ ಮುಖ ನೋಡಬೇಕಿತ್ತು. ಆದರೆ ಆ ಅಪ್ಪನ ಹೆಸರಿಲ್ಲದೆ ಹೋಗಿದ್ದರೆ ನಾವು ಸುಮ್ನೆ ಊರು ನೋಡಿ ಬರಬೇಕಾಗಿತ್ತು.

ಎರಡನೆಯದು, ಸ್ಕಾಟ್ಲೆಂಡಿನ ದಾಖಲೆಗಳು ಇಂಗ್ಲೆಂಡಿನವಲ್ಲ. ಲೆಕ್ಕ ಬೇರೆ, ಕಚೇರಿ ಬೇರೆ. ಹುಟ್ಟು, ಮದುವೆ, ಸಾವನ್ನು ಸರಕಾರ ಕಡ್ಡಾಯವಾಗಿ ಬರೆಯತೊಡಗಿದ್ದು 1855ರ ಜನವರಿ 1ರಿಂದ. ಆ ಮೊದಲ ವರ್ಷ ಅವರಿಗೆ ಎಲ್ಲಿಲ್ಲದ ಹುಮ್ಮಸ್ಸು. ಮಗು ಹುಟ್ಟಿದರೆ ಅಪ್ಪ ಅಮ್ಮನ ವಯಸ್ಸು, ಅವರು ಹುಟ್ಟಿದ ಊರು, ಮದುವೆಯ ವಿವರ, ಮೊದಲು ಹುಟ್ಟಿದ ಮಕ್ಕಳೆಷ್ಟು, ಎಲ್ಲ ಕೇಳಿ ಬರೆದರು. ಬರೆಯುವವರಿಗೆ ಸಾಕಾಗಿ ಹೋಯಿತೋ ಏನೋ, 1856ರಲ್ಲಿ ಬಹುಪಾಲು ಕೈಬಿಟ್ಟರು. 1861ರಿಂದ ತಂದೆ ತಾಯಿಯ ಮದುವೆಯ ದಿನ, ಸ್ಥಳ ಮಾತ್ರ ಮತ್ತೆ ಬಂತು. ಹಾಗಾಗಿ ನಿಮ್ಮ ಅಜ್ಜ 1855ರಲ್ಲಿ ಹುಟ್ಟದಿದ್ದರೂ ಅವನ ಅಕ್ಕನೋ ತಮ್ಮನೋ ಹುಟ್ಟಿದ್ದಾರಾ ನೋಡಿ. ನೇರ ಸಾಲಿನಲ್ಲೇ ಹೋಗಬೇಡಿ, ಅಕ್ಕಪಕ್ಕ ಇಣುಕಿ.

ಹೆಂಗಸರ ವಿಷಯದಲ್ಲಿ ಈ ದಾಖಲೆಗಳು ನನಗೆ ತುಂಬ ಹಿಡಿಸಿದವು. ಮದುವೆಯಾದರೂ ತವರಿನ ಹೆಸರು ಅಳಿಸುವುದಿಲ್ಲ. ಸಾವಿನ ದಾಖಲೆಯಲ್ಲಿ ಸತ್ತವರ ಅಪ್ಪನ ಹೆಸರಿನ ಜೊತೆ ತಾಯಿಯ ತವರಿನ ಹೆಸರೂ ಇರುತ್ತದೆ. ಗೋರಿಕಲ್ಲಿನ ಮೇಲೂ ಹಾಗೆಯೇ. ಬೇರೆಲ್ಲ ಕಡೆ ಹುಡುಕುವವರು ಗಂಡಸರ ಹಿಂದೆ ಹೋಗುತ್ತಾರೆ. ಇಲ್ಲಿ ತಾಯಂದಿರ ಹಿಂದೆ ಹೋಗಿ, ಬೇಗ ದಾರಿ ಸಿಗುತ್ತದೆ.

ಇದಕ್ಕೆಲ್ಲ ಒಂದೇ ಬಾಗಿಲು, ಸ್ಕಾಟ್ಲೆಂಡ್ಸ್‌ಪೀಪಲ್ ಎಂಬ ಸರಕಾರಿ ವೆಬ್‌ಸೈಟ್. ಹೆಸರು ಹುಡುಕಲು ದುಡ್ಡಿಲ್ಲ, ಪುಟ ತೆರೆದು ನೋಡಲು ಉಂಟು. ನಾವು ಕೊಂಡಾಗ 30 ಕ್ರೆಡಿಟ್‌ಗೆ 7.50 ಪೌಂಡ್, ಒಂದು ಪುಟಕ್ಕೆ 6 ಕ್ರೆಡಿಟ್. ಒಂದೇ ಹೆಸರಿನವರು ಹತ್ತು ಜನ ಸಿಕ್ಕರೆ ಹತ್ತೂ ಪುಟ ತೆರೆಯಬೇಕೆನಿಸುತ್ತದೆ, ಆಗ ಜೇಬು ಸುಡುತ್ತದೆ. ಅನುಮಾನದ ಹೆಸರುಗಳನ್ನೆಲ್ಲ ಒಂದು ಪಟ್ಟಿ ಮಾಡಿಟ್ಟುಕೊಂಡು ಅವರದೇ ಎಡಿನ್‌ಬರಾ ಕೇಂದ್ರಕ್ಕೆ ಒಯ್ಯಿರಿ. ಅಲ್ಲಿ ದಿನಕ್ಕೆ 15 ಪೌಂಡ್ ಕೊಟ್ಟೆವು, ಎಷ್ಟು ಪುಟ ಬೇಕಾದರೂ ನೋಡಬಹುದು. ಮನೆಯಿಂದ ತೆರೆಯಲು ಬಿಡದ ಇತ್ತೀಚಿನ ದಾಖಲೆಗಳೂ ಅಲ್ಲಿ ಕಾಣುತ್ತವೆ. ಜಾಗ ಮೊದಲೇ ಕಾದಿರಿಸಿ, ವಾರದ ದಿನಗಳಲ್ಲಿ ಹೋಗಿ.

ಆ ಕಟ್ಟಡದ ಹೆಸರು ಜನರಲ್ ರಿಜಿಸ್ಟರ್ ಹೌಸ್. ವೇವರ್ಲಿ ಸ್ಟೇಷನ್ನಿನಿಂದ ಮೇಲೆ ಬಂದರೆ ಎದುರಿಗೇ ಇದೆ, ಮುಂದೆ ಕುದುರೆ ಏರಿದ ವೆಲಿಂಗ್ಟನ್ ನಿಂತಿದ್ದಾನೆ. ಹೌದು, 1799ರಲ್ಲಿ ಶ್ರೀರಂಗಪಟ್ಟಣದಲ್ಲಿದ್ದ ಅದೇ ವೆಲ್ಲೆಸ್ಲಿ. ಕಟ್ಟಡ ರಾಬರ್ಟ್ ಆಡಮ್‌ನದು, ಅಡಿಗಲ್ಲು ಹಾಕಿದ್ದು 1774ರಲ್ಲಿ. ಒಳಗಿನ ಗುಮ್ಮಟ ನೋಡಲು ಐದು ನಿಮಿಷ ಮೀಸಲಿಡಿ, ಕತ್ತು ನೋಯುವಷ್ಟು ಚೆಂದ.

ಕಂಪ್ಯೂಟರಿನ ಮುಂದೆ ಕೂತ ಮೇಲೆ ಹೆಸರುಗಳ ಆಟ ಶುರು. ಜೇನೆಟ್, ಜೀನ್, ಜೇನ್, ಜೆಸ್ಸಿ ಒಬ್ಬಳೇ ಇರಬಹುದು. ಡೊನಾಲ್ಡ್ ಇನ್ನೊಂದು ಪುಟದಲ್ಲಿ ಡೇನಿಯಲ್ ಆಗಿರುತ್ತಾನೆ. ಅಲ್ಲಿ ಸೆಂಗಾ ಎಂಬ ಹೆಸರೂ ಉಂಟು, ಆಗ್ನೆಸ್ ಅನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಹಿಂದುಮುಂದಾಗಿ ಬರೆದದ್ದು! ಇನ್ನೊಂದು ನಮಗೆ ಚೆನ್ನಾಗಿ ಅರ್ಥವಾಗುವ ಪದ್ಧತಿ. ಮೊದಲ ಗಂಡುಮಗನಿಗೆ ಅಪ್ಪನ ಅಪ್ಪನ ಹೆಸರು, ಎರಡನೆಯವನಿಗೆ ಅಮ್ಮನ ಅಪ್ಪನದು. ಮೊದಲ ಹೆಣ್ಣುಮಗುವಿಗೆ ಅಮ್ಮನ ಅಮ್ಮನದು. ಎಲ್ಲರೂ ಪಾಲಿಸಿದ್ದಾರೆ ಅಂತಲ್ಲ, ಆದರೆ ಇದು ಒಳ್ಳೆ ಸುಳಿವು. ಅಜ್ಜನ ಹೆಸರು ಮೊಮ್ಮಗನಿಗೆ ಇಡುವುದು ನಮ್ಮಲ್ಲೂ ಇದೆ, ಅಲ್ವಾ?

1841ರಿಂದ 1921ರವರೆಗಿನ ಜನಗಣತಿಗಳನ್ನೂ ಅಲ್ಲೇ ನೋಡಬಹುದು. 1841ರ ವಯಸ್ಸು ನಂಬಬೇಡಿ. 15 ದಾಟಿದವರ ವಯಸ್ಸನ್ನು ಐದರ ಲೆಕ್ಕಕ್ಕೆ ಇಳಿಸಿ ಬರೆದಿದ್ದಾರೆ, 39 ಇದ್ದರೆ 35 ಎಂದು. 1851ರಿಂದ ಹುಟ್ಟಿದ ಪ್ಯಾರಿಷ್, ಅಂದರೆ ಒಂದು ಚರ್ಚಿಗೆ ಸೇರಿದ ಹೋಬಳಿ, ಕೂಡ ಇರುತ್ತದೆ. ನಮ್ಮ ಫಿಟ್ಟರ್‌ನ ಅಪ್ಪ ಗ್ಲಾಸ್ಗೋದ ಸ್ಪ್ರಿಂಗ್‌ಬರ್ನ್‌ನಲ್ಲಿ ರೈಲು ಕಾರ್ಖಾನೆಯ ಕೂಲಿ. ಹುಟ್ಟಿದ್ದು ಪರ್ತ್‌ಶೈರಿನ ಮ್ಯೂಥಿಲ್, ಮೊದಲು ಕೈಮಗ್ಗದ ನೇಕಾರ.

ಗ್ಲಾಸ್ಗೋಗೆ ರೈಲಿನಲ್ಲಿ ಒಂದು ಗಂಟೆ. ಮಿಚೆಲ್ ಲೈಬ್ರರಿಯ ನಗರ ದಾಖಲೆಗಳ ವಿಭಾಗದಲ್ಲಿ ಬಡವರ ನೆರವಿನ ಅರ್ಜಿಗಳಿವೆ, 1851ರಿಂದ ಮುಂದಿನವು. ನಮ್ಮವರು ಬಡವರಲ್ಲ ಅಂದುಕೊಂಡು ಇದನ್ನು ಬಿಡಬೇಡಿ. ಆ ಕಾಲದಲ್ಲಿ ಗಂಡ ಸತ್ತರೆ, ಕೈ ಮುರಿದರೆ ಯಾರಾದರೂ ಅರ್ಜಿ ಹಾಕಬೇಕಿತ್ತು. ಅಧಿಕಾರಿ ಮನೆಗೇ ಬಂದು ಮಕ್ಕಳು ಮರಿ, ಹುಟ್ಟಿದ ಊರು, ಬಾಡಿಗೆ ಎಲ್ಲ ವಿಚಾರಿಸಿ ಬರೆಯುತ್ತಿದ್ದ. ಮೊದಲೇ ಹೇಳಿಡದೆ ಹೋಗಿ ನಾವು ಒಂದು ದಿನ ಕಳೆದುಕೊಂಡೆವು, ತಪ್ಪು ನಮ್ಮದೇ. ಮರುದಿನ ಪುಸ್ತಕ ಬಂತು. ಫಿಟ್ಟರ್‌ನ ತಾಯಿ, ವಿಧವೆ, ಅರ್ಜಿ ಹಾಕಿದ್ದಾಳೆ. ಮಕ್ಕಳ ಪಟ್ಟಿಯಲ್ಲಿ ಒಂದು ಸಾಲು: ಒಬ್ಬ ಮಗ ಇಂಡಿಯಾದಲ್ಲಿದ್ದಾನೆ, ಏನೂ ಕಳಿಸುತ್ತಿಲ್ಲ.

ನಮ್ಮ ಮನೆಯವರು ಪೆನ್ಸಿಲ್ ಕೆಳಗಿಟ್ಟರು. ಆಮೇಲೆ ಊಟದ ತನಕ ಮಾತೇ ಇಲ್ಲ.

(ಪೆನ್ಸಿಲ್ ಅಂದೆನಲ್ಲ, ಇಂಥ ಕಡೆ ಪೆನ್ನು ಒಳಗೆ ಬಿಡುವುದಿಲ್ಲ. ಒಂದೆರಡು ಪೆನ್ಸಿಲ್ ಇಟ್ಟುಕೊಳ್ಳಿ.)

ಸ್ಪ್ರಿಂಗ್‌ಬರ್ನ್‌ಗೂ ಹೋದೆವು. ಅಲ್ಲಿಯ ಕೌಲೇರ್ಸ್ ರೈಲು ಕಾರ್ಖಾನೆ 1968ರಲ್ಲೇ ಮುಚ್ಚಿದೆ, ನೋಡಲು ಜಾಸ್ತಿ ಏನೂ ಉಳಿದಿಲ್ಲ. ಫ್ಲೆಮಿಂಗ್ಟನ್ ಬೀದಿಯಲ್ಲಿ ನಾರ್ತ್ ಬ್ರಿಟಿಷ್ ಲೋಕೊಮೋಟಿವ್ ಕಂಪನಿಯ ಹಳೆ ಕಚೇರಿ ಇದೆ, ಬಾಗಿಲ ಮೇಲೆ ಕಲ್ಲಿನಲ್ಲಿ ಕೆತ್ತಿದ ಎಂಜಿನ್. ಭಾರತದ ಎಷ್ಟೋ ಉಗಿಬಂಡಿಗಳು ಆ ಕಂಪನಿಯವು. ಒಂದು ಫೋಟೊಗೆ ಸಾಕು.

ಮ್ಯೂಥಿಲ್‌ಗೆ ರೈಲಿಲ್ಲ. ಪರ್ತ್‌ವರೆಗೆ ರೈಲು, ಅಲ್ಲಿಂದ ಕ್ರೀಫ್‌ಗೆ ಬಸ್, ಕ್ರೀಫ್‌ನಿಂದ ಸುಮಾರು ಐದು ಕಿಲೋಮೀಟರ್. ಬಸ್ಸು ಕಡಿಮೆ, ಭಾನುವಾರವಂತೂ ನಂಬಬೇಡಿ. ಕ್ರೀಫ್‌ನಲ್ಲೇ ಎರಡು ರಾತ್ರಿ ಉಳಿಯಿರಿ. ಪಶ್ಚಿಮಕ್ಕೆ ಒಂದು ಗುಡ್ಡದ ತುದಿಯಲ್ಲಿ ದೊಡ್ಡ ಕಲ್ಲುಕಂಬ ಕಾಣುತ್ತದೆ. ಅದು ಡೇವಿಡ್ ಬೇರ್ಡ್‌ನ ನೆನಪಿಗೆ ಹೆಂಡತಿ ಕಟ್ಟಿಸಿದ್ದು. ಈತ ಟಿಪ್ಪುವಿನ ಕಡೆಯ ದಿನ ಶ್ರೀರಂಗಪಟ್ಟಣದ ಕೋಟೆಗೆ ನುಗ್ಗಿದವರ ಮುಂದಾಳು. ಅದಕ್ಕೂ ಮುಂಚೆ ಅದೇ ಊರಿನಲ್ಲಿ ಸುಮಾರು ನಾಲ್ಕು ವರ್ಷ ಸೆರೆಯಲ್ಲಿದ್ದ. ಕೈದಿಗಳನ್ನು ಜೋಡಿಯಾಗಿ ಸರಪಳಿಗೆ ಹಾಕಿದ್ದಾರೆ ಅಂತ ಕೇಳಿದಾಗ ಅವನ ತಾಯಿ, ನಮ್ಮ ಡೇವಿಯ ಜೊತೆ ಕಟ್ಟಿಸಿಕೊಂಡವನನ್ನು ದೇವರೇ ಕಾಪಾಡಲಿ ಅಂದಳಂತೆ.

ಮ್ಯೂಥಿಲ್ ಸಣ್ಣ ಊರು. ನಡುವೆ ಪಾಳುಬಿದ್ದ ಹಳೆ ಚರ್ಚು, 12ನೇ ಶತಮಾನದ ಗೋಪುರ, ಸುತ್ತ ಗೋರಿಗಳು. ಪಾಚಿ ಹಿಡಿದ ಕಲ್ಲನ್ನು ಬ್ರಷ್ ಹಾಕಿ ಉಜ್ಜಬೇಡಿ, ಕಲ್ಲು ಹಾಳಾಗುತ್ತದೆ. ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡಿದರೆ ಅಕ್ಷರ ಎದ್ದು ಕಾಣುತ್ತದೆ. ಎರಡು ಗಂಟೆ ಬಗ್ಗಿ ನೋಡಿದೆವು, ನಮ್ಮವರ ಕಲ್ಲಿಲ್ಲ. ನೇಕಾರರಿಗೆ ಕಲ್ಲು ಎಲ್ಲಿಂದ ಬರಬೇಕು?

ಉತ್ತರ ಸಿಕ್ಕಿದ್ದು ರಾತ್ರಿ, ಹೋಟೆಲಿನ ರೂಮಿನಲ್ಲಿ. ಸ್ಕಾಟ್ಲೆಂಡ್ಸ್‌ಪೀಪಲ್‌ನಲ್ಲಿ ಕರ್ಕ್ ಸೆಷನ್ ಪುಸ್ತಕಗಳಿವೆ, ಅಂದರೆ ಚರ್ಚಿನ ಹಿರಿಯರ ಪಂಚಾಯಿತಿಯ ನಡಾವಳಿ. ಅವನ್ನು ಪುಕ್ಕಟೆ ಓದಬಹುದು. ಹೆಸರಿನ ಪಟ್ಟಿ ಇಲ್ಲ, ಪುಟಪುಟ ತಿರುವಬೇಕು. ಅಕ್ಷರ ಕೋಳಿ ಕೆದರಿದ ಹಾಗೆ. ನೇಕಾರನ ಸಾವಿನ ದಾಖಲೆಯಲ್ಲಿ ಅಪ್ಪ ಅಮ್ಮನ ಹೆಸರಿತ್ತು, ಆದರೆ ಅಪ್ಪನ ಅಡ್ಡಹೆಸರು ಬೇರೆ. ಅದು ಯಾಕೆ ಅಂತ ನಮಗೆ ಹೊಳೆದಿರಲಿಲ್ಲ. 1827ರ ಒಂದು ಪುಟದಲ್ಲಿ ಇಬ್ಬರೂ ಇದ್ದರು. ಮನೆಗೆಲಸದ ಹುಡುಗಿ, ಮದುವೆಯಿಲ್ಲದೆ ಬಸುರಿ. ಹಿರಿಯರು ಕರೆಸಿ ಅಪ್ಪ ಯಾರೆಂದು ಕೇಳಿದ್ದಾರೆ. ಅವಳು ಹೇಳಿದ್ದಾಳೆ. ಅವನು ಒಪ್ಪಿಲ್ಲ. ಮಗು ತಾಯಿಯ ಹೆಸರಿನಲ್ಲೇ ಬೆಳೆಯಿತು. ಹುಬ್ಬಳ್ಳಿಯ ಮನೆ ಬಾಗಿಲಿಗೆ ಹಿತ್ತಾಳೆಯಲ್ಲಿ ಬರೆಸಿರುವ ಅಡ್ಡಹೆಸರು ಅವಳದು.

ನೆನಪಾಯಿತು, ಎಡಿನ್‌ಬರಾದಲ್ಲಿ ಒಂದು ಅಂಗಡಿಯವರು ಆ ಹೆಸರಿನ ‘ಮನೆತನದ ಲಾಂಛನ’ ಅಂತ ಒಂದು ಫಲಕ ನಮ್ಮ ಕೈಗೆ ಹಾಕಿದ್ದರು. ಅಲ್ಲಿಯ ಕಾನೂನಿನಲ್ಲಿ ಲಾಂಛನ ಒಬ್ಬ ವ್ಯಕ್ತಿಗೆ ಸೇರಿದ್ದು, ಅಡ್ಡಹೆಸರಿಗಲ್ಲ. ಆ ದುಡ್ಡಿಗೆ ಕ್ರೆಡಿಟ್ ಕೊಳ್ಳಿ.

ಅತ್ತೆಗೆ ಫೋನಿನಲ್ಲಿ ಹೇಗೆ ಹೇಳುವುದು ಅಂತ ಇಬ್ಬರೂ ಒದ್ದಾಡಿದೆವು. ಕೊನೆಗೆ ನಾನೇ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, “ಅವನ ಹೆಸರು ಬಿಡವಾ. ಆಕಿ ಹೆಸರು ನೆಟ್ಟಗ ಬರಕೊಂಡು ಬಾ” ಅಂದರು.